ಕಮಾನಿನಾಚೆಗೂ ಬಾಹಾ ಇದೆ

ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯ ದ್ವೀಪದಲ್ಲಿ ನೋಡಬೇಕಾದ ಜಾಗಗಳ ನಿಮ್ಮ ಪಟ್ಟಿ ಓದಿದೆ. ದಕ್ಷಿಣ ತುದಿಯ ಲಾಸ್ ಕಾಬೋಸ್‌ನ ಕಲ್ಲಿನ ಕಮಾನು ನೋಡಿದರೆ ಬಾಹಾ ಮುಗೀತು, ಮಿಕ್ಕಿದ್ದೆಲ್ಲ ಬರೀ ಮರಳು, ಕಳ್ಳಿ ಅಂತ ಬರೆದಿದ್ದೀರಿ. ಖಂಡಿತ ಒಪ್ಪಲಾರೆ. ಅಲ್ಲಿನ ಸಾನ್ ಇಗ್ನಾಸಿಯೊ ಲಗೂನ್‌ಗೆ (ಕಡಲಿಗೆ ಸೇರಿದ ಹಿನ್ನೀರಿಗೆ) ಚಳಿಗಾಲದಲ್ಲಿ ಬೂದು ತಿಮಿಂಗಿಲಗಳು ಮರಿ ಹಾಕಲು ಬರುತ್ತವೆ, ಅದು ಲೆಕ್ಕಕ್ಕೇ ಇಲ್ವಾ?

ಇನ್ನು ಕಾಬೊ ಪುಲ್ಮೊ. ವಿಪರೀತ ಮೀನುಗಾರಿಕೆಯಿಂದ ಬರಿದಾಗಿದ್ದ ಹವಳದ ದಿಬ್ಬ ಅದು. ಊರಿನ ಮೀನುಗಾರ ಕುಟುಂಬಗಳೇ ಬಲೆ ಕೆಳಗಿಟ್ಟು, ಪಟ್ಟು ಹಿಡಿದು, 1995ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನ ಮಾಡಿಸಿಕೊಂಡರು. 1999ರಿಂದ 2009ರ ನಡುವೆ ಅಲ್ಲಿನ ಮೀನಿನ ಒಟ್ಟು ತೂಕ ನಾಲ್ಕು ಪಟ್ಟಿಗೂ ಜಾಸ್ತಿಯಾಯಿತು. ಈಗ ನೀರಿಗಿಳಿದರೆ ಬೆಳ್ಳಿ ಬಣ್ಣದ ಜ್ಯಾಕ್ ಮೀನಿನ ಹಿಂಡು ಸುಳಿಗಾಳಿಯ ಹಾಗೆ ಸುತ್ತುತ್ತದೆ, ಮೇಲಿನ ಬೆಳಕೇ ಮಂಕಾಗುತ್ತದೆ. ದಯವಿಟ್ಟು ಇದನ್ನೂ ಪಟ್ಟಿಗೆ ಸೇರಿಸಿ. ಕೊನೆಯ ಒಂದಿಷ್ಟು ದೂರ ಮಣ್ಣಿನ ರಸ್ತೆ ಅಂತಲೂ ತಿಳಿಸಿಬಿಡಿ, ಹೋಗುವವರು ಹಗಲಲ್ಲೇ ತಲುಪಲಿ.