ಹಳೇ ಇ-ಕಾರಿಗೆ ಹೊಸ ಬ್ಯಾಟರಿ ಹಾಕಿಸೋ ಮುಂಚೆ

ಹೋದ ಬೇಸಿಗೆಯಲ್ಲಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೊರಟಿದ್ದೆ. ಸುಮಾರು 60 ಕಿಲೋಮೀಟರ್ ದಾರಿ. ಭರಮಸಾಗರ ದಾಟುವಷ್ಟರಲ್ಲಿ ನನ್ನ ಹಳೇ ಎಲೆಕ್ಟ್ರಿಕ್ ಕಾರಿನ ಚಾರ್ಜ್ 15 ಪರ್ಸೆಂಟಿಗೆ ಬಂದಿತ್ತು. ಜೀವ ಬಾಯಿಗೆ ಬಂದಂತಾಯಿತು.

ಸರ್ವೀಸಿನವರು ನೋಡಿ, ಬ್ಯಾಟರಿ ಪ್ಯಾಕ್, ಅಂದರೆ ಸೆಲ್ಲುಗಳನ್ನು ಜೋಡಿಸಿದ ಇಡೀ ಕಟ್ಟು, ಪೂರ್ತಿ ಬದಲಿಸಬೇಕು ಅಂದರು. ಮೂರೂವರೆ ಲಕ್ಷ. ಅದರ ಮೇಲೆ 18% ಜಿಎಸ್‌ಟಿ, ಅಂದರೆ ಇನ್ನೂ 63 ಸಾವಿರ. ಕಾರು ಮಾರಿದರೆ ಎರಡೂವರೆ ಲಕ್ಷವೂ ಹುಟ್ಟುವುದಿಲ್ಲ.

ಹೊಸ ಇ-ಕಾರಿಗೆ ಜಿಎಸ್‌ಟಿ 5%. ಬ್ಯಾಟರಿಯೂ ಅದರಲ್ಲೇ ಬರುತ್ತದೆ. ಅದೇ ಬ್ಯಾಟರಿಯನ್ನು ಹಳೇ ಕಾರಿಗೆ ಅಂತ ಬಿಡಿಯಾಗಿ ತಗೊಂಡರೆ 18%. ಇದ್ದ ಕಾರನ್ನೇ ಉಳಿಸಿಕೊಳ್ಳುವವನಿಗೆ ಯಾಕೆ ಈ ಹೊರೆ? ಇದು ಅನ್ಯಾಯ ಅಲ್ವಾ?

"ಪೆಟ್ರೋಲ್ ಉಳಿತಾಯದಲ್ಲೇ ದುಡ್ಡು ವಾಪಸ್ ಬರುತ್ತೆ" ಅಂತ ಗೆಳೆಯರು ಹೇಳಿದರು. ಕಿಲೋಮೀಟರಿಗೆ 5 ರೂಪಾಯಿ ಉಳಿಯುತ್ತೆ ಅಂದುಕೊಂಡರೂ 4,13,000 ವಾಪಸ್ ಬರಲು ಸುಮಾರು 83 ಸಾವಿರ ಕಿಲೋಮೀಟರ್ ಓಡಬೇಕು. ದಿನಕ್ಕೆ 30ರಂತೆ ಏಳೂವರೆ ವರ್ಷ! ಅದಿರಲಿ, ಲೆಕ್ಕದ ಬುಡವೇ ತಪ್ಪು. ಆ ಉಳಿತಾಯ ಸೊರಗಿದ ಬ್ಯಾಟರಿಯಲ್ಲೂ ಸಿಗುತ್ತಿದೆಯಲ್ಲ! ವಿದ್ಯಾನಗರ, ಎಪಿಎಂಸಿ, ಪಿ.ಬಿ. ರಸ್ತೆ ಸುತ್ತಿದರೂ ದಿನಕ್ಕೆ 30 ದಾಟುವುದಿಲ್ಲ. ಅಷ್ಟನ್ನು ಕಾರು ಆರಾಮಾಗಿ ಓಡುತ್ತಿತ್ತು. ಹೊಸ ಪ್ಯಾಕ್ ಕೊಡುತ್ತಿದ್ದದ್ದು ತಿಂಗಳಿಗೆರಡು ಸಲದ ದುರ್ಗದ ಓಡಾಟ ಮಾತ್ರ. ಅದಕ್ಕೆ ಬಸ್ಸಿದೆ.

ಕೊನೆಗೆ ಬ್ಯಾಟರಿ ಕೆಲಸ ಬಲ್ಲ ಇನ್ನೊಬ್ಬರ ಹತ್ತಿರ ಹೋದೆ. ಪ್ಯಾಕ್ ಬಿಚ್ಚಿ, ಲೋಡ್ ಕೊಟ್ಟು (ಅಂದರೆ ಕರೆಂಟ್ ಎಳೆಯುವಂತೆ ಮಾಡಿ), ಒಂದೊಂದೇ ಸೆಲ್ಲಿಗೆ ಮೀಟರ್ ಹಿಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ. 3.2 ವೋಲ್ಟ್, 3.2, 3.2... ಎರಡು ಸೆಲ್ ಮಾತ್ರ 2.7ಕ್ಕೆ ಕುಸಿದವು. ಸೆಲ್ಲುಗಳು ಸಾಲಾಗಿ ಜೋಡಿಸಿರುವುದರಿಂದ ಒಂದು ಸೋತರೂ ಸಾಕು, ಮಿಕ್ಕವುಗಳಲ್ಲಿ ಚಾರ್ಜ್ ಇದ್ದರೂ ಕಾರು ನಿಲ್ಲುತ್ತದೆ. ಅವೆರಡನ್ನೇ ಬದಲಿಸಿ, ಎಲ್ಲವನ್ನೂ ಬ್ಯಾಲೆನ್ಸ್ ಮಾಡಿ, ಅಂದರೆ ಚಾರ್ಜ್ ಒಂದೇ ಮಟ್ಟಕ್ಕೆ ತಂದು ಕೊಟ್ಟರು. ಖರ್ಚು 40 ಸಾವಿರದ ಒಳಗೆ. ಒಂದು ಚಾರ್ಜಿಗೆ ಓಡುವ ದೂರ ಹೊಸದರಷ್ಟಿಲ್ಲ, ಆದರೆ ಈಗ ದುರ್ಗಕ್ಕೆ ಧೈರ್ಯವಾಗಿ ಹೋಗುತ್ತೇನೆ.

ಎಲ್ಲಾ ಸೆಲ್ಲುಗಳೂ ಒಟ್ಟಿಗೇ ಸೊರಗಿದ್ದರೆ ಈ ದಾರಿ ಇಲ್ಲ. ಆಗಲೂ ಪ್ಯಾಕಿನ ಬೆಲೆ ಕಾರಿನ ಬೆಲೆಗಿಂತ ಜಾಸ್ತಿಯಾದರೆ ನಾನಂತೂ ಹಾಕಿಸುವುದಿಲ್ಲ. ವಾರಂಟಿ ಇದ್ದರೆ ಮೊದಲು ಅದನ್ನೇ ಕೇಳಿ. ಈಗಿನ ಬಹಳಷ್ಟು ಕಾರುಗಳ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇರುತ್ತದೆ. ದಯವಿಟ್ಟು ನೀವೇ ಪ್ಯಾಕ್ ಬಿಚ್ಚಬೇಡಿ, ಆ ಕರೆಂಟ್ ಜೀವ ತೆಗೆಯುತ್ತದೆ. ಯಾರಾದರೂ ಪ್ಯಾಕ್ ಪೂರ್ತಿ ಹೋಗಿದೆ ಅಂದರೆ, ಪ್ರತಿ ಸೆಲ್ಲಿನ ವೋಲ್ಟೇಜ್ ಬರೆದುಕೊಡಿ ಅಂತ ಕೇಳಿ. ಅದು ಕೈಗೆ ಬರುವವರೆಗೂ ಅಡ್ವಾನ್ಸ್ ಕೊಡಬೇಡಿ.