ಹಳೆಯ ಆವೃತ್ತಿಯ ಉತ್ತರವೇ ಸರಿ ಎಂದವರು ಯಾರು?

ಯಂತ್ರಭಾಗ ಭಾರ ತಾಳುತ್ತದೆಯೇ ಎಂದು ಲೆಕ್ಕ ಹಾಕುವ ಸಿಮ್ಯುಲೇಶನ್ ತಂತ್ರಾಂಶದ ಹೊಸ ಆವೃತ್ತಿ ಬಂದಾಗಲೆಲ್ಲ ವಿನ್ಯಾಸ ವಿಭಾಗಗಳಲ್ಲಿ ಒಂದೇ ಗಲಾಟೆ. ಹಳೆಯ ಮಾಡೆಲ್ ಅನ್ನು ಹೊಸದರಲ್ಲಿ ಓಡಿಸಿದರೆ ಸ್ಟ್ರೆಸ್ (ಭಾರದಿಂದ ವಸ್ತುವಿನೊಳಗೆ ಏಳುವ ಒತ್ತಡ) ಬೇರೆ ಬರುತ್ತದೆ. ತೀರ್ಮಾನ ಮಾತ್ರ ಮೊದಲೇ ಸಿದ್ಧ: "ಹೊಸದರಲ್ಲಿ ಏನೋ ದೋಷವಿದೆ, ಹಳೆಯದಕ್ಕೇ ಮರಳೋಣ." ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹಳೆಯ ಸಂಖ್ಯೆಗೆ ಸಹಿ ಬಿದ್ದಿದೆ, ವರದಿ ಗ್ರಾಹಕರ ಕೈ ಸೇರಿದೆ, ನಿಜ. ಆದರೆ ಆ ಸಂಖ್ಯೆ ಸರಿ ಎನ್ನುವುದಕ್ಕೆ ಸಹಿ ಪುರಾವೆಯಾಗುವುದಿಲ್ಲ.

ಇತ್ತೀಚೆಗೆ ನಮ್ಮಲ್ಲಿ ಒಂದು ಉಕ್ಕಿನ ಬ್ರಾಕೆಟ್ ವಿಷಯದಲ್ಲಿ ಹೀಗೇ ಆಯಿತು. ಹಳೆಯ ಆವೃತ್ತಿಯಲ್ಲಿ ಗರಿಷ್ಠ ಸ್ಟ್ರೆಸ್ 212 ಮೆಗಾಪಾಸ್ಕಲ್, ಹೊಸದರಲ್ಲಿ 247. ಬಳಸಿದ್ದು ಇ250 ಉಕ್ಕು, ಅದರ ಯೀಲ್ಡ್ ಮಿತಿಯೇ, ಅಂದರೆ ಉಕ್ಕು ಶಾಶ್ವತವಾಗಿ ಬಾಗತೊಡಗುವ ಮಟ್ಟವೇ, 250. ಎಲ್ಲರ ಎದೆ ಧಸಕ್ಕೆಂದಿತು.

ಇಂಥ ಹೊತ್ತಿನಲ್ಲಿ ಮೊದಲು ಸ್ಟ್ರೆಸ್ ನೋಡಬಾರದು ಎಂಬುದು ನನ್ನ ಹಟ. ಒಟ್ಟು ತೂಕ, ಆಧಾರಗಳಲ್ಲಿನ ಪ್ರತಿಕ್ರಿಯಾ ಬಲ, ತುದಿಯ ಬಾಗು, ಇವನ್ನು ಮೊದಲು ಹೋಲಿಸಿದೆವು. ಮೂರೂ ಎರಡರಲ್ಲಿಯೂ ಒಂದೇ. ಅಂದರೆ ಭಾರ, ಯೂನಿಟ್, ವಸ್ತುಗುಣ ಯಾವುದೂ ಕದಲಿಲ್ಲ. ವ್ಯತ್ಯಾಸ ಯಾವುದೋ ಒಂದು ಮೂಲೆಯಲ್ಲಿ ಅಡಗಿದೆ. ಲೆಕ್ಕಕ್ಕಾಗಿ ಮಾಡೆಲ್ ಅನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಒಡೆದು ನೋಡ್ ಎಂಬ ಬಿಂದುಗಳಲ್ಲಿ ಜೋಡಿಸಿದ ಬಲೆಯೇ ಮೆಶ್. ಮುಂದೆ ಹಳೆಯ ಮೆಶ್ ಅನ್ನೇ ನೋಡ್, ಎಲಿಮೆಂಟ್ ಸಮೇತ ತೆಗೆದು ಹೊಸ ಸಾಲ್ವರ್‌ಗೆ, ಅಂದರೆ ಸಮೀಕರಣ ಬಿಡಿಸುವ ಭಾಗಕ್ಕೆ, ಕೊಟ್ಟೆವು. ಉತ್ತರ ಮತ್ತೆ 212! ಸಾಲ್ವರ್ ನಿರಪರಾಧಿ. ಬದಲಾಗಿದ್ದು ಮೆಶ್ ಹೆಣೆಯುವ ಭಾಗ. ಅದು ಒಳಮೂಲೆಯೊಂದರಲ್ಲಿ ಎಲಿಮೆಂಟ್‌ಗಳನ್ನು ಇನ್ನಷ್ಟು ಸಣ್ಣದಾಗಿಸಿತ್ತು. ಡ್ರಾಯಿಂಗ್‌ನಲ್ಲಿ ಆ ಮೂಲೆಗೆ ಫಿಲೆಟ್ (ದುಂಡಾದ ತಿರುವು) ಇದೆ, ಮಾಡೆಲ್‌ನಲ್ಲಿ ಇಲ್ಲ. ಅಂಥ ಚೂಪು ಒಳಮೂಲೆಯಲ್ಲಿ ರೇಖೀಯ ಲೆಕ್ಕದ ಸ್ಟ್ರೆಸ್‌ಗೆ ಕೊನೆಯೆಂಬುದೇ ಇಲ್ಲ. ಮೆಶ್ ಸಣ್ಣದಾದಷ್ಟೂ ಏರುತ್ತಲೇ ಹೋಗುತ್ತದೆ. 212 ಆಗಲಿ 247 ಆಗಲಿ ಉತ್ತರವೇ ಆಗಿರಲಿಲ್ಲ. ಫಿಲೆಟ್ ಸೇರಿಸಿ ಮೆಶ್ ಅನ್ನು ಹಂತಹಂತವಾಗಿ ಸಣ್ಣದು ಮಾಡಿದಾಗ ಎರಡೂ ಆವೃತ್ತಿಗಳು ಒಂದೇ ಸಂಖ್ಯೆಗೆ ಬಂದು ನಿಂತವು. ಅದು 212ಕ್ಕಿಂತ ಹೆಚ್ಚೇ ಇತ್ತು. ವರದಿಯನ್ನು ತಿದ್ದಿ ಗ್ರಾಹಕರಿಗೆ ತಿಳಿಸಿದೆವು.

ಕಾರಣ ಯಾವಾಗಲೂ ಮೆಶ್ ಆಗಿರಬೇಕೆಂದಿಲ್ಲ. ಭಾಗಗಳು ಒಂದಕ್ಕೊಂದು ತಾಗುವ ಕಾಂಟ್ಯಾಕ್ಟ್‌ನ ಡಿಫಾಲ್ಟ್ ವಿಧಾನ, ಒಮ್ಮುಖವಾಗುವಿಕೆಯ ಮಿತಿ (ಉತ್ತರ ಸಾಕಷ್ಟು ನೆಲೆಗೊಂಡಿತೆಂದು ಲೆಕ್ಕ ನಿಲ್ಲಿಸುವ ಗಡಿ), ನೋಡ್‌ಗಳಲ್ಲಿ ಸ್ಟ್ರೆಸ್‌ನ ಸರಾಸರಿ ತೆಗೆಯುವ ರೀತಿ, ಇವೆಲ್ಲ ಸದ್ದಿಲ್ಲದೆ ಬದಲಾಗುತ್ತವೆ. ಬಿಡುಗಡೆ ಟಿಪ್ಪಣಿಯಲ್ಲಿ ಎಲ್ಲೋ ಒಂದು ಸಾಲು ಇರುತ್ತದೆ, ಓದುವವರಿಲ್ಲ. ಪ್ರೊಸೆಸರ್ ಕೋರ್‌ಗಳ ಸಂಖ್ಯೆ ಬದಲಾದರೂ ಉತ್ತರ ಅಲುಗಬಹುದು. ಕಂಪ್ಯೂಟರ್ ಪ್ರತಿ ಹಂತದಲ್ಲೂ ಸಂಖ್ಯೆಯನ್ನು ಸೀಮಿತ ಅಂಕಿಗಳಿಗೆ ಕತ್ತರಿಸಿಕೊಳ್ಳುವುದರಿಂದ ಕೂಡುವ ಕ್ರಮ ಬದಲಾದರೆ ಕೊನೆಯ ಅಂಕಿಗಳು ಬದಲಾಗುತ್ತವೆ. ಸಾಮಾನ್ಯವಾಗಿ ಅದು ನಗಣ್ಯ, ಆದರೆ ಬಕ್ಲಿಂಗ್ (ಒತ್ತಿದಾಗ ಥಟ್ಟನೆ ಬಾಗುವುದು) ಅಥವಾ ಕ್ರ್ಯಾಶ್ ಲೆಕ್ಕದಲ್ಲಿ ಆ ಚೂರೇ ಬೆಳೆದು ಬೇರೆ ದಾರಿ ಹಿಡಿಯಬಹುದು. ಆದ್ದರಿಂದ ಹಳೆಯ ಆವೃತ್ತಿಯನ್ನೇ ಬೇರೆ ಬೇರೆ ಕೋರ್‌ಗಳಲ್ಲಿ ಓಡಿಸಿ, ಅದು ತನ್ನೊಂದಿಗೆ ತಾನೇ ಎಷ್ಟು ಒಪ್ಪುತ್ತದೆ ಎಂದು ಮೊದಲು ನೋಡಿ.

ಎರಡು ಆವೃತ್ತಿಗಳ ಜಗಳಕ್ಕೆ ಮೂರನೆಯ ಸಾಕ್ಷಿ ಬೇಕು. ಎಂಜಿನಿಯರಿಂಗ್ ಸಿಮ್ಯುಲೇಶನ್‌ಗೆಂದೇ ಇರುವ ನಾಫೆಮ್ಸ್ ಸಂಸ್ಥೆಯ ಮಾನದಂಡ ಲೆಕ್ಕಗಳು, ಅಂದರೆ ಉತ್ತರ ಮೊದಲೇ ಗೊತ್ತಿರುವ ಪರೀಕ್ಷಾ ಲೆಕ್ಕಗಳು, ಇರುವುದೇ ಅದಕ್ಕೆ. ಎಲ್‌ಇ10 ಎಂಬ ದಪ್ಪ ತಟ್ಟೆಯ ಲೆಕ್ಕದಲ್ಲಿ ನಿಗದಿತ ಬಿಂದುವಿನ ಸಂಕುಚನ ಸ್ಟ್ರೆಸ್ 5.38 ಮೆಗಾಪಾಸ್ಕಲ್ ಬರಬೇಕು. ಅದರ ಹತ್ತಿರಕ್ಕೆ ಬಾರದ ಸೆಟ್ಟಿಂಗ್ ಅನ್ನು ನಾನು ಕೆಲಸಕ್ಕೆ ಬಳಸುವುದಿಲ್ಲ.

ಇಷ್ಟೆಲ್ಲ ಏಕೆ ಎನ್ನುವವರು ನಾರ್ವೆಯ ಸ್ಲೈಪ್ನರ್ ಎ ನೆನಪಿಸಿಕೊಳ್ಳಲಿ. 1991ರ ಆಗಸ್ಟ್ 23ರಂದು ಸ್ಟಾವಾಂಗರ್ ಬಳಿ ಆ ತೈಲ ವೇದಿಕೆಯ ಕಾಂಕ್ರೀಟ್ ತಳ ಸಮುದ್ರದ ಪಾಲಾಯಿತು. ನಾಸ್ಟ್ರಾನ್ ಎಂಬ ತಂತ್ರಾಂಶದಲ್ಲಿ ಮಾಡಿದ ಲೆಕ್ಕದಲ್ಲಿ ಮೆಶ್ ಒರಟಾಗಿದ್ದರಿಂದ ಗೋಡೆಗಳ ಶಿಯರ್ (ಕತ್ತರಿಸುವಂಥ) ಸ್ಟ್ರೆಸ್ ಶೇ 47ರಷ್ಟು ಕಡಿಮೆ ಬಂದಿತ್ತು. ಅಪಘಾತದ ನಂತರ ಸರಿಯಾಗಿ ಲೆಕ್ಕ ಹಾಕಿದಾಗ ನೀರಿನ 62 ಮೀಟರ್ ಆಳದಲ್ಲಿ ಗೋಡೆ ಒಡೆಯುತ್ತದೆ ಎಂದು ಬಂತು. ನಿಜವಾಗಿ ಒಡೆದದ್ದು 65 ಮೀಟರ್‌ನಲ್ಲಿ. ತಂತ್ರಾಂಶ ಕೇಳಿದ್ದಕ್ಕೆ ಉತ್ತರ ಕೊಟ್ಟಿತ್ತು. ಆ ಮೆಶ್ ಅನ್ನು ಯಾರೂ ಪ್ರಶ್ನಿಸಿರಲಿಲ್ಲ.

ವಿಭಾಗದ ಮುಖ್ಯಸ್ಥರಲ್ಲಿ ನನ್ನದೊಂದು ಕೋರಿಕೆ. ಪ್ರತಿ ವರದಿಯಲ್ಲೂ ಆವೃತ್ತಿ, ಪ್ಯಾಚ್, ಮೆಶ್ ಗಾತ್ರ, ಕೋರ್‌ಗಳ ಸಂಖ್ಯೆ ಬರೆಯಿಸಿ. ಹಳೆಯ ಆವೃತ್ತಿಯನ್ನು ಒಂದು ಯಂತ್ರದಲ್ಲಾದರೂ ಉಳಿಸಿಕೊಳ್ಳಿ. ಉತ್ತರ ಹೊಂದುತ್ತಿಲ್ಲ ಎಂದು ಕಿರಿಯ ಎಂಜಿನಿಯರ್ ಒಬ್ಬರು ಬಂದು ಹೇಳಿದರೆ "ಗಡುವು ನಾಳೆ ಇದೆ" ಎಂದು ಬಾಯಿ ಮುಚ್ಚಿಸಬೇಡಿ. ಕಾರಣ ಹುಡುಕಲು ಅವರಿಗೆ ಸಮಯ ಕೊಡಿ, ಗ್ರಾಹಕರಿಗೆ ನೀವೇ ಫೋನ್ ಮಾಡಿ.