ಕುರ್ಚಿಗಿಂತ ಅವರ ಹಿಂದಿನ ಕೆಲಸವೇ ದೊಡ್ಡದು
ನೈಜೀರಿಯಾದ ಡಮಿಲೋಲಾ ಒಗುನ್‌ಬಿಯಿ ಅವರ ಬಗ್ಗೆ ನೀವು ಬರೆದ ಲೇಖನ ಓದಿದೆ. ಎಲ್ಲರಿಗೂ ಶುದ್ಧ ಇಂಧನ ಸಿಗಲೆಂದು ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ‘ಸಸ್ಟೈನಬಲ್ ಎನರ್ಜಿ ಫಾರ್ ಆಲ್’ಗೆ ಅವರು 2020ರಿಂದ ಮುಖ್ಯಸ್ಥೆ ಎನ್ನುವುದಕ್ಕೇ ಅದು ಜಾಸ್ತಿ ಜಾಗ ಕೊಟ್ಟಿದೆ. ನನಗೆ ಆ ಹುದ್ದೆಗಿಂತ ಮುಂಚಿನ ಕೆಲಸವೇ ದೊಡ್ಡದಾಗಿ ಕಾಣುತ್ತದೆ. ನೈಜೀರಿಯಾದ ಗ್ರಾಮೀಣ ವಿದ್ಯುದೀಕರಣ ಸಂಸ್ಥೆಯನ್ನು ನಡೆಸಿದ ಮೊದಲ ಮಹಿಳೆ ಅವರು. ಹಳ್ಳಿಗಳಿಗೆ ಸೋಲಾರ್ ಕರೆಂಟ್ ಕೊಡುವ ಅಲ್ಲಿನ ಯೋಜನೆಗೆ ವಿಶ್ವಬ್ಯಾಂಕಿನಿಂದ 35 ಕೋಟಿ ಡಾಲರ್, ಆಫ್ರಿಕನ್ ಅಭಿವೃದ್ಧಿ ಬ್ಯಾಂಕಿನಿಂದ 20 ಕೋಟಿ ಡಾಲರ್ ಬಂತು. ಇದು ಸುಮ್ನೆ ಆಗುವ ಮಾತಲ್ಲ. ಸೋಲಾರ್‌ಗೆ ಇಂಧನದ ಖರ್ಚಿಲ್ಲ, ನಿಜ. ಆದರೆ ಹೆಚ್ಚುಕಡಿಮೆ ಎಲ್ಲ ಹಣವನ್ನೂ ಮೊದಲೇ ಸುರಿಯಬೇಕು. ಹಾಗಾಗಿ ಬಡ್ಡಿ ಏರಿದರೆ ಕರೆಂಟಿನ ದರವೂ ಏರುತ್ತದೆ. ಮೇಲಾಗಿ ಸಾಲ ಡಾಲರಿನಲ್ಲಿ, ಜನ ಬಿಲ್ ಕಟ್ಟುವುದು ನೈಜೀರಿಯಾದ ಹಣವಾದ ನೈರಾದಲ್ಲಿ. ನೈರಾ ಕುಸಿದರೆ ಆ ನಷ್ಟ ಯಾರ ತಲೆಗೆ? ಇಂಥ ಲೆಕ್ಕಗಳ ನಡುವೆ ದುಡಿದವರು ಅವರು. ಅದರ ಬಗ್ಗೆಯೂ ದಯವಿಟ್ಟು ವಿವರವಾಗಿ ಬರೆಯಿರಿ.